ಮರಣ ಪುಸ್ತಕದ ಅಂಚು: ಹಳ್ಳಿಯ ಮೃತರ ಸ್ಮರಣೆಯ ಚರಿತ್ರೆ

ಧರ್ಮಕೇಂದ್ರದ ಕಚೇರಿಯ ಕಪಾಟಿನಲ್ಲಿರುವ ದಾಖಲೆ ಪುಸ್ತಕಗಳಲ್ಲಿ ಅತಿ ಕಡಿಮೆ ತೆರೆಯಲ್ಪಡುವುದು ಮರಣ ಪುಸ್ತಕ. ಸ್ನಾನದೀಕ್ಷೆಯ ಪುಸ್ತಕವನ್ನು ಶಾಲೆಯ ಪ್ರವೇಶಕ್ಕಾಗಿ, ಮದುವೆಗಾಗಿ, ಗುರುಮಠಕ್ಕೆ ಸೇರುವ ಹುಡುಗನ ಪ್ರಮಾಣಪತ್ರಕ್ಕಾಗಿ ಆಗಾಗ ಕೆಳಗಿಳಿಸುತ್ತೇವೆ. ಮರಣ ಪುಸ್ತಕವನ್ನಾದರೋ ಬರೆಯುವ ದಿನ ಒಮ್ಮೆ ತೆರೆದು ಮುಚ್ಚಿದರೆ ಮುಗಿಯಿತು. ಜಮೀನಿನ ಖಾತೆ ಬದಲಾವಣೆಗೆ, ಪಿಂಚಣಿಗೆ, ಬ್ಯಾಂಕಿನ ಕೆಲಸಕ್ಕೆ 1969ರ ಜನನ ಮರಣ ನೋಂದಣಿ ಕಾಯಿದೆಯಡಿ ಸಿಗುವ ಪತ್ರವೇ ಬೇಕಾಗಿರುವುದರಿಂದ ನಮ್ಮ ಪುಸ್ತಕವನ್ನು ಕೇಳಿಕೊಂಡು ಬರುವವರೂ ವಿರಳ. ಆದರೂ ನಮ್ಮ ಹಳ್ಳಿಗಳಲ್ಲಿ ನಿನ್ನೆ ಮೊನ್ನೆ ತೀರಿಕೊಂಡ ಕ್ರೈಸ್ತರ ಬದುಕನ್ನು ಧರ್ಮಸಭೆ ತನ್ನ ಕೈಯಾರೆ ಬರೆದಿಟ್ಟುಕೊಳ್ಳುವ ಸ್ಥಳ ಇದೊಂದೇ. ಅಲ್ಲಿಯೂ ಅವರಿಗೆ ದೊರೆಯುವುದು ಒಂದು ಸಾಲು. ಆ ಸಾಲು ನಮಗೆ ಎಲ್ಲಿಂದ ಬಂತು, ಅದರಲ್ಲಿ ಏನನ್ನು ಬರೆಯುತ್ತ ಬಂದಿದ್ದೇವೆ, ಏನನ್ನು ಬಿಡುತ್ತ ಬಂದಿದ್ದೇವೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಬಯಸುತ್ತೇವೆ.

ಶ್ರೀಗ್ರಂಥದಿಂದಲೇ ಆರಂಭಿಸುವುದು ಯುಕ್ತ. ಆದಿಕಾಂಡದ 35ನೆಯ ಅಧ್ಯಾಯದಲ್ಲಿ, ಯಕೋಬನು ಬೇತೇಲಿಗೆ ಬಂದು ಬಲಿಪೀಠ ಕಟ್ಟಿದ ಘನವಾದ ವೃತ್ತಾಂತದ ನಡುವೆ, ಒಂದು ವಾಕ್ಯ ಹಠಾತ್ತನೆ ಕಾಣಿಸಿಕೊಳ್ಳುತ್ತದೆ. ರೆಬೆಕ್ಕಳ ದಾದಿಯಾದ ದೆಬೋರಳು ಸತ್ತಳು, ಅವಳನ್ನು ಬೇತೇಲಿನ ಕೆಳಗಡೆ ಒಂದು ಮರದಡಿ ಸಮಾಧಿ ಮಾಡಿದರು, ಆ ಮರಕ್ಕೆ ಅಳುವಿನ ಹೆಸರು ಬಂತು ಎಂಬುದಷ್ಟೇ ಅದರ ಸಾರ. ಕಥೆಯ ಓಟಕ್ಕೆ ಈ ವಾಕ್ಯದ ಅಗತ್ಯವೇ ಇಲ್ಲ. ರೆಬೆಕ್ಕಳ ಮರಣವನ್ನು ಹೇಳದ ಗ್ರಂಥ ಅವಳ ಮನೆಯ ಆಳಿನ ಮರಣವನ್ನು ಹೆಸರು ಹಿಡಿದು ಹೇಳಿದೆ. ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಜೊತೆಯಾಗಿ ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯದ ತಬಿಥಾ ನಿಲ್ಲುತ್ತಾಳೆ. ಪೇತ್ರನು ಯೊಪ್ಪಕ್ಕೆ ಬಂದಾಗ ವಿಧವೆಯರು ಅವನ ಸುತ್ತ ನಿಂತು ಅಳುತ್ತ, ಅವಳು ತಮ್ಮೊಂದಿಗಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ತೋರಿಸಿದರು. ಅವಳು ಸದ್ಗುಣಿಯೆಂದು ಭಾಷಣ ಮಾಡಲಿಲ್ಲ. ಅವಳ ಕೈಕೆಲಸವನ್ನು ಮುಂದಿಟ್ಟರು. ಇನ್ನೊಂದನ್ನೂ ಗಮನಿಸಬೇಕು. ಲೂಕನು ಅವಳ ಹೆಸರನ್ನು ಎರಡು ಭಾಷೆಗಳಲ್ಲಿ ಕೊಡುತ್ತಾನೆ, ಆದರೆ ಅವಳು ಯಾರ ಹೆಂಡತಿ, ಯಾರ ಮಗಳು ಎಂದು ಹೇಳುವುದಿಲ್ಲ. ನಮ್ಮ ಮರಣ ಪುಸ್ತಕಗಳು ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿವೆ. ಆ ವಿಚಾರಕ್ಕೆ ಮುಂದೆ ಬರುತ್ತೇವೆ.

ಆದಿಸಭೆಯಲ್ಲಿ ಮೃತರ ಹೆಸರಿಗೆ ಬಲಿಪೀಠದ ಬಳಿಯೇ ಸ್ಥಾನವಿತ್ತು. ಮೂರನೆಯ ಶತಮಾನದ ನಡುಭಾಗದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ನರು ಸೆರೆಮನೆಯಲ್ಲಿ ತೀರಿಕೊಳ್ಳುವ ವಿಶ್ವಾಸಿಗಳ ಮರಣದಿನಗಳನ್ನು ಗುರುತು ಹಾಕಿಕೊಳ್ಳಬೇಕೆಂದು ತಮ್ಮ ಗುರುಗಳಿಗೆ ಪತ್ರ ಬರೆದು ಆಜ್ಞಾಪಿಸಿದರು. ಆ ದಿನಗಳಂದು ಅವರ ಸ್ಮರಣೆಯನ್ನು ಆಚರಿಸುವುದು ಉದ್ದೇಶವಾಗಿತ್ತು. ಮರಣ ಪುಸ್ತಕದ ಮೂಲವನ್ನು ಹುಡುಕುವವರು ಈ ಪತ್ರದವರೆಗೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಅದೇ ಸಿಪ್ರಿಯನ್ನರು, ಗುರುವೊಬ್ಬರನ್ನು ತನ್ನ ಮರಣಶಾಸನದಲ್ಲಿ ಪಾಲಕರನ್ನಾಗಿ ನೇಮಿಸಿ ಸಭೆಯ ನಿಯಮ ಮೀರಿದ ಗೆಮಿನಿಯುಸ್ ವಿಕ್ಟರ್ ಎಂಬವನ ಹೆಸರನ್ನು ಬಲಿಪೀಠದಲ್ಲಿ ಎತ್ತಕೂಡದೆಂದೂ ವಿಧಿಸಿದರು. ಹೆಸರನ್ನು ಓದುವುದು ಕರುಣೆಯ ಕಾರ್ಯವಾಗಿದ್ದಂತೆ ಅಧಿಕಾರದ ಕಾರ್ಯವೂ ಆಗಿತ್ತು. ಜೀವಂತರ ಮತ್ತು ಮೃತರ ಹೆಸರುಗಳನ್ನು ಬರೆದ ಎರಡು ಮಡಿಕೆಯ ಹಲಗೆಗಳಿಂದ ಯಾರ ಹೆಸರನ್ನು ಅಳಿಸಬೇಕು ಎಂಬುದರ ಮೇಲೆ ಪೂರ್ವ ಮತ್ತು ಪಶ್ಚಿಮದ ಸಭೆಗಳು ಎಷ್ಟು ಜಗಳವಾಡಿವೆ ಎಂಬುದು ಸಭಾಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದದ್ದೇ.

ಕ್ರಿ.ಶ. 387ರಲ್ಲಿ ಓಸ್ತಿಯ ಬಂದರಿನಲ್ಲಿ ತೀರಿಕೊಂಡ ಸಂತ ಮೋನಿಕಳು, ತನ್ನ ದೇಹವನ್ನು ಎಲ್ಲಿಯಾದರೂ ಇರಿಸಿ, ಬಲಿಪೀಠದಲ್ಲಿ ಮಾತ್ರ ತನ್ನನ್ನು ನೆನೆಯಿರಿ ಎಂಬ ಅರ್ಥದ ಮಾತನ್ನು ಮಕ್ಕಳಿಗೆ ಹೇಳಿದಳೆಂದು ಸಂತ ಅಗಸ್ಟೀನರು ಬರೆದಿರುವುದನ್ನು ನಾವೆಲ್ಲ ಪಾಠ ಹೇಳುತ್ತೇವೆ. ಆ ಪಾಠದಲ್ಲಿ ಒಂದು ಅಂಶ ಹಿಂದೆ ಸರಿದುಬಿಡುತ್ತದೆ. ಅಗಸ್ಟೀನರು ಬಲಿಪೀಠದ ಸ್ಮರಣೆಗೆ ತೃಪ್ತರಾಗಿ ಸುಮ್ಮನಾಗಲಿಲ್ಲ. ತಾಯಿ ಹುಡುಗಿಯಾಗಿದ್ದಾಗ ನೆಲಮಾಳಿಗೆಯಲ್ಲಿ ಕದ್ದು ದ್ರಾಕ್ಷಾರಸ ಕುಡಿಯುತ್ತಿದ್ದುದು, ಸಿಡುಕಿನ ಗಂಡನೊಡನೆ ಹೊಂದಿಕೊಂಡು ಬಾಳಿದ್ದು, ಅತ್ತೆಯ ಮನಸ್ಸನ್ನು ಗೆದ್ದದ್ದು, ಇವೆಲ್ಲವನ್ನೂ ಬರೆದಿಟ್ಟು, ಓದುವವರು ಮೋನಿಕಳನ್ನೂ ಪತ್ರೀಸಿಯನನ್ನೂ ಹೆಸರು ಹೇಳಿ ನೆನೆಯಲೆಂದು ಬೇಡಿಕೊಂಡರು. ಪ್ರಾರ್ಥಿಸುವವನಿಗೆ ಪ್ರಾರ್ಥನೆಗೆ ಒಳಗಾದವರ ಪರಿಚಯ ಬೇಕೆಂದು ಅವರಿಗೆ ತೋರಿತ್ತು. ಮೃತರ ಕುರಿತು ನಡೆಯುವ ನಮ್ಮ ಚರ್ಚೆಗಳಲ್ಲಿ ಪ್ರಾರ್ಥನೆ ಒಂದು ಕಡೆ, ಜೀವನಕಥನ ಇನ್ನೊಂದು ಕಡೆ ಎಂದು ವಿಂಗಡಿಸುವವರು ಈ ಒಂಬತ್ತನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು.

ಮಧ್ಯಯುಗದ ಮಠಗಳು ಹೆಸರುಗಳನ್ನು ರಾಶಿ ಹಾಕಿದವು. ಒಂಬತ್ತನೆಯ ಶತಮಾನದಲ್ಲಿ ಆರಂಭವಾದ ರೈಖೆನಾವ್ ಮಠದ ಸಹೋದರತ್ವದ ಪುಸ್ತಕವೊಂದರಲ್ಲೇ ಸುಮಾರು 38,000 ಹೆಸರುಗಳಿವೆ. ಅವರಲ್ಲಿ ಹೆಚ್ಚಿನವರು ಮಠವಾಸಿಗಳು, ಧರ್ಮಾಧ್ಯಕ್ಷರು, ದಾನಿಗಳು. ಮಠದ ಹೊಲ ಉತ್ತವನಿಗೆ ಆ ಪುಟಗಳಲ್ಲಿ ಸುಲಭವಾಗಿ ಜಾಗ ಸಿಗುವಂತಿರಲಿಲ್ಲ. ಹತ್ತನೆಯ ಶತಮಾನದ ಕೊನೆಯ ವೇಳೆಗೆ ಕ್ಲೂನಿಯ ಮಠಾಧಿಪತಿ ಸಂತ ಓದಿಲೋ ಅವರು ನವೆಂಬರ್ 2ರ ಸಕಲ ಮೃತರ ಸ್ಮರಣೆಯನ್ನು ತಮ್ಮ ಮಠಗಳಲ್ಲಿ ನೆಲೆಗೊಳಿಸಿದಾಗ ಆ ಬಾಗಿಲು ತೆರೆಯಿತು. ಆದರೆ ಹೆಸರಿಲ್ಲದವರು ಒಳಗೆ ಬಂದದ್ದು ಹೆಸರಿಲ್ಲದವರಾಗಿಯೇ. ನಮ್ಮ ಹಳ್ಳಿಗಳ ಸಮಾಧಿ ಹಬ್ಬ ಇಂದಿಗೂ ಈ ಎರಡರ ನಡುವೆ ತೂಗಾಡುತ್ತಿದೆ. ಒಂದು ಕಡೆ, ಮನೆಯವರು ತಮ್ಮ ತಮ್ಮ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಕಾಯುತ್ತಾರೆ. ಇನ್ನೊಂದು ಕಡೆ, ಗುರು ತೀರ್ಥ ಪ್ರೋಕ್ಷಿಸುತ್ತ ಸಾಲಿನಿಂದ ಸಾಲಿಗೆ ನಡೆದುಹೋಗುತ್ತಾನೆ.

ಹೆಸರನ್ನೂ ಬದುಕನ್ನೂ ಒಟ್ಟಿಗೆ ಕಾಪಾಡಿದ ಹಳ್ಳಿಯ ಗುರು ಯಾರಾದರೂ ಇದ್ದರೇ ಎಂದು ಹುಡುಕಿದರೆ ಇಂಗ್ಲೆಂಡಿನ ಡೆವನ್ ಸೀಮೆಯ ಮೋರ್‌ಬಾತ್ ಎಂಬ ಕುಗ್ರಾಮಕ್ಕೆ ಹೋಗಬೇಕಾಗುತ್ತದೆ. 33 ಕುಟುಂಬಗಳು ಕುರಿ ಸಾಕಿಕೊಂಡು ಬದುಕುತ್ತಿದ್ದ ಊರು ಅದು. 1520ರಿಂದ 1574ರವರೆಗೆ ಅಲ್ಲಿ ಗುರುವಾಗಿದ್ದ ಕ್ರಿಸ್ಟೋಫರ್ ಟ್ರಿಕಿ ಅವರು ಚರ್ಚಿನ ಜಮಾಖರ್ಚಿನ ಲೆಕ್ಕವನ್ನು ತಾವೇ ಬರೆದು, ವರ್ಷ ವರ್ಷ ಜನರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಚರಿತ್ರಕಾರ ಈಮನ್ ಡಫಿ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಿಂದಾಗಿ ಈ ಲೆಕ್ಕದ ಪುಸ್ತಕ ಸಭಾಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಊರಿನವರು ಸಾಯುವಾಗ ಚರ್ಚಿಗೆ ಬಿಟ್ಟುಹೋದ ಸಣ್ಣ ಸಣ್ಣ ಕೊಡುಗೆಗಳು ಅದರಲ್ಲಿವೆ. ಒಬ್ಬನು ದೀಪದ ಮೇಣಕ್ಕೆಂದು ಒಂದು ಜೇನುಗೂಡು ಬಿಟ್ಟುಹೋದ. ಕೆಲವರು ಕುರಿ ಬಿಟ್ಟರು, ಕೆಲವರು ಉಡುವ ಬಟ್ಟೆ ಬಿಟ್ಟರು. ಟ್ರಿಕಿಯವರು ಕೊಟ್ಟವರ ಹೆಸರು ಹೇಳಿ, ಅವರ ಆತ್ಮಕ್ಕಾಗಿ ಬೇಡಿಕೊಳ್ಳಿರೆಂದು ಸೇರಿಸುತ್ತಿದ್ದರು. ಲೆಕ್ಕ ಓದುವ ದಿನ ಊರು ತನ್ನ ಮೃತರನ್ನು ಅವರ ಜೇನು, ಕುರಿ, ಬಟ್ಟೆಗಳ ಮೂಲಕ ಮತ್ತೆ ಎದುರುಗೊಳ್ಳುತ್ತಿತ್ತು. ಯೊಪ್ಪದ ವಿಧವೆಯರು ತೋರಿಸಿದ ಅಂಗಿಗಳ ಜಾತಿಗೇ ಸೇರಿದ ಸ್ಮರಣೆ ಇದು.

ಮೃತರ ಬಲಿಪೂಜೆಗೆ ಯೋಗ್ಯವಾದ ಕಪ್ಪು ಪೂಜಾವಸ್ತ್ರಗಳನ್ನು ಕೊಳ್ಳಬೇಕೆಂದು ಅದೇ ಗುರು, ತಮಗೆ ಸಲ್ಲಬೇಕಾದ ಕಾಣಿಕೆಯ ಒಂದಂಶವನ್ನು ಬಿಟ್ಟುಕೊಟ್ಟು, ಇಪ್ಪತ್ತಕ್ಕೂ ಹೆಚ್ಚು ವರ್ಷ ಹಣ ಕೂಡಿಸಿದರು. ವಸ್ತ್ರಗಳು ಊರಿಗೆ ಬಂದದ್ದು 1547ರಲ್ಲಿ. ಆರನೆಯ ಎಡ್ವರ್ಡನ ಆಡಳಿತ ಮೃತರಿಗಾಗಿ ಸಲ್ಲಿಸುವ ಬಲಿಪೂಜೆಯನ್ನು ರದ್ದುಪಡಿಸಲು ಹೊರಟದ್ದೂ ಅದೇ ಹೊತ್ತಿನಲ್ಲಿ. ವರ್ಷಕ್ಕೊಮ್ಮೆ ಓದುತ್ತಿದ್ದ ಮೃತರ ಹೆಸರಿನ ಪಟ್ಟಿ ನಿಂತುಹೋಯಿತು. 1549ರ ಬಂಡಾಯಕ್ಕೆ ಈ ಪುಟ್ಟ ಊರು ತನ್ನ ಐವರು ಯುವಕರನ್ನು ಸ್ವಂತ ಖರ್ಚಿನಲ್ಲಿ ಕಳುಹಿಸಿತು. ಅದಕ್ಕೆ ಕಾರಣಗಳು ಹಲವಿದ್ದವು. ಅವುಗಳಲ್ಲಿ ತಮ್ಮ ಮೃತರ ಹೆಸರನ್ನು ಕಳೆದುಕೊಂಡ ನೋವೂ ಒಂದಾಗಿದ್ದಿರಬೇಕೆಂದು ನಾವು ಭಾವಿಸುತ್ತೇವೆ. ಟ್ರಿಕಿಯವರು ಮುಂದೆ ಎಲ್ಲ ಬದಲಾವಣೆಗಳಿಗೂ ತಲೆಬಾಗಿ ಎಲಿಜಬೆತ್ ರಾಣಿಯ ಕಾಲದಲ್ಲೂ ಅದೇ ಊರಿನಲ್ಲಿ ಉಳಿದರು. ಅವರ ಕಡೆಯ ವರ್ಷಗಳ ಕುರಿತು ಹೇಳಬೇಕಾದದ್ದು ಬೇರೆ ಇದೆ, ಅದು ಇಲ್ಲಿಯ ವಿಷಯವಲ್ಲ.

ಈಗ ನಮ್ಮ ಕಪಾಟಿನ ಪುಸ್ತಕಕ್ಕೆ ಬರೋಣ. ಟ್ರೆಂಟ್ ಮಹಾಸಭೆ 1563ರಲ್ಲಿ ವಿವಾಹದ ಮತ್ತು ಸ್ನಾನದೀಕ್ಷೆಯ ದಾಖಲೆಗಳನ್ನು ಕಡ್ಡಾಯಗೊಳಿಸಿತು, ಮರಣದ ಮಾತೆತ್ತಲಿಲ್ಲ. ಸಂಬಂಧದೊಳಗಿನ ಮದುವೆಗಳನ್ನೂ ಗುಪ್ತ ಮದುವೆಗಳನ್ನೂ ತಡೆಯುವುದು ಸಭೆಯ ಚಿಂತೆಯಾಗಿತ್ತೇ ಹೊರತು ಸ್ಮರಣೆಯಲ್ಲ. ಫ್ರಾನ್ಸಿನಲ್ಲಿ 1579ರ ಬ್ಲುವಾ ಶಾಸನ ಮರಣಗಳನ್ನೂ ಬರೆಯುವಂತೆ ಗುರುಗಳಿಗೆ ವಿಧಿಸಿತು. ಲತೀನ್ ಸಭೆಗೆಲ್ಲ ಅನ್ವಯಿಸುವಂತೆ ಮರಣ ಪುಸ್ತಕವನ್ನು ಸೂಚಿಸಿದ್ದು ಐದನೆಯ ಪೌಲ್ ಜಗದ್ಗುರುಗಳು 1614ರಲ್ಲಿ ಹೊರತಂದ ರೋಮನ್ ಸಂಸ್ಕಾರವಿಧಿ. ಅದು ಕೊಟ್ಟ ಮಾದರಿಯಲ್ಲಿ ಮೃತರ ಹೆಸರು, ತಂದೆಯ ಅಥವಾ ಸಂಗಾತಿಯ ಹೆಸರು, ವಯಸ್ಸು, ಊರು, ಯಾರ ಮನೆಯಲ್ಲಿ ತೀರಿಕೊಂಡರು, ಯಾರಿಗೆ ಪಾಪನಿವೇದನೆ ಮಾಡಿದರು, ಅಂತ್ಯಪ್ರಸಾದವನ್ನೂ ಅಭ್ಯಂಗವನ್ನೂ ಯಾವಾಗ ಪಡೆದರು, ಎಲ್ಲಿ ಸಮಾಧಿಯಾಯಿತು ಎಂಬ ವಿವರಗಳಿದ್ದವು. 1917ರ ಧರ್ಮಸಭಾ ಕಾನೂನು ಇದನ್ನೇ ಉಳಿಸಿಕೊಂಡಿತು. 1983ರ ಸಂಹಿತೆಯ 535ನೆಯ ವಿಧಿ ಪುಸ್ತಕ ಇರಬೇಕೆಂದೂ, 1182ನೆಯ ವಿಧಿ ಸಮಾಧಿಯ ಬಳಿಕ ಸ್ಥಳೀಯ ನಿಯಮದಂತೆ ಬರೆಯಬೇಕೆಂದೂ ಹೇಳಿ ನಿಲ್ಲುತ್ತದೆ.

ಈ ಮಾದರಿಯ ಒಳ್ಳೆಯತನವನ್ನು ಮೊದಲು ಹೇಳಬೇಕು. ಅರಸನಿಗೂ ಆಳಿಗೂ ಅದೇ ಸಾಲು. ಸಂಸ್ಕಾರಗಳ ಹೊರತು ಬೇರಾವ ಹೆಗ್ಗಳಿಕೆಗೂ ಅಲ್ಲಿ ಅಂಕಣವಿಲ್ಲ. ಫ್ರೆಂಚ್ ಚರಿತ್ರಕಾರ ಪಿಯರ್ ಗೂಬೆರ್ ಅವರು ಬೋವೆ ಪ್ರದೇಶದ ಹಳ್ಳಿಗಳ ಕುರಿತು 1960ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಇಂಥ ಪುಸ್ತಕಗಳೇ ಮುಖ್ಯ ಆಧಾರ. ಧಾನ್ಯದ ಬೆಲೆ ಏರಿದ ವರ್ಷಗಳಲ್ಲಿ ಸಮಾಧಿಗಳ ಸಂಖ್ಯೆ ಹೇಗೆ ಏರಿತೆಂಬುದನ್ನು ಅವರು ತೋರಿಸಿದರು. ಬರೆದಿಟ್ಟ ಗುರುಗಳಿಗೆ ಆ ಉದ್ದೇಶವಿರಲಿಲ್ಲ. ಕೆಲವರು ಮಾತ್ರ ಸಾಲಿನ ಅಂಚಿನಲ್ಲಿ ಒಂದೆರಡು ಮಾತು ಹೆಚ್ಚಾಗಿ ಬರೆದರು: 1709ರ ಚಳಿಗಾಲದ ಭೀಕರತೆ ಫ್ರಾನ್ಸಿನ ಅನೇಕ ಧರ್ಮಕೇಂದ್ರದ ಪುಸ್ತಕಗಳ ಅಂಚಿನಲ್ಲಿ ಹೀಗೆ ಉಳಿದಿದೆ.

ಆದರೆ ಮಾದರಿ ಬಿಟ್ಟದ್ದೂ ಬಹಳ. ಅವರು ಯಾವ ಕೆಲಸ ಮಾಡಿ ಬದುಕಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಮದುವೆಯಾದ ಹೆಣ್ಣು ಗಂಡನ ಹೆಸರಿನ ನೆರಳಲ್ಲೇ ದಾಖಲಾಗುತ್ತಾಳೆ. ಊರಿಗೆಲ್ಲ ಸೂಲಗಿತ್ತಿಯಾಗಿದ್ದವಳೂ ಪುಸ್ತಕದಲ್ಲಿ ಇಂಥವನ ಹೆಂಡತಿ. ಗುರು ತಿಂಗಳುಗಟ್ಟಲೆ ಬಾರದಿದ್ದ ಉಪಕೇಂದ್ರಗಳಲ್ಲಿ ಸಾಯುವವರ ತಲೆದೆಸೆಯಲ್ಲಿ ಕುಳಿತು ಪ್ರಾರ್ಥಿಸಿ, ಮಣ್ಣು ಕೊಡಿಸಿ, ಗುರು ಬಂದಾಗ ನೆನಪಿನಿಂದ ವರದಿ ಒಪ್ಪಿಸುತ್ತಿದ್ದವರು ಉಪದೇಶಿಗಳು. ಆ ಉಪದೇಶಿ ತಾನೇ ಸತ್ತಾಗ ಅವನಿಗೆ ದೊರೆಯುವುದೂ ಹೆಸರು, ವಯಸ್ಸು, ದಿನಾಂಕ. ಇನ್ನು ಕೆಲವರು ಪುಸ್ತಕಕ್ಕೇ ಬರಲಿಲ್ಲ. ಆತ್ಮಹತ್ಯೆ ಮಾಡಿಕೊಂಡವರಿಗೆ 1917ರ ಕಾನೂನು ಸಭೆಯ ಸಮಾಧಿಯನ್ನು ನಿರಾಕರಿಸಿತ್ತು. ಸ್ನಾನದೀಕ್ಷೆಗೆ ಮೊದಲೇ ತೀರಿಕೊಂಡ ಕೂಸುಗಳು ಬೇಲಿಯ ಆಚೆ ಮಣ್ಣಾದವು. 1983ರ ಸಂಹಿತೆ ಈ ಎರಡನ್ನೂ ಸಡಿಲಿಸಿದೆ, ಆದರೆ ಹಿಂದಿನ ಪುಟಗಳು ಹಾಗೆಯೇ ಇವೆ. ದಕ್ಷಿಣ ಭಾರತದ ಕೆಲವೆಡೆ ದಲಿತ ಕ್ರೈಸ್ತರ ಸಮಾಧಿಭೂಮಿಯನ್ನು ಬೇರೆಯಿಟ್ಟದ್ದೂ ಇದೇ ಚರಿತ್ರೆಯ ಭಾಗ. 2016ರಲ್ಲಿ ಭಾರತದ ಧರ್ಮಾಧ್ಯಕ್ಷರು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಬೇಕಾಗಿ ಬಂದದ್ದೇ ಆ ಚರಿತ್ರೆ ಮುಗಿದಿಲ್ಲ ಎಂಬುದಕ್ಕೆ ಸಾಕ್ಷಿ.

ಕನ್ನಡ ನಾಡಿಗೆ ಈ ಪುಸ್ತಕ ಬರುವ ಮುನ್ನ ಇಲ್ಲಿ ಸತ್ತವರನ್ನು ನೆನೆಯುವ ಪದ್ಧತಿಯೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ನಮ್ಮ ಹಳ್ಳಿಗಳ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ತುರುಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯನ ಹೆಸರು, ಅವನು ಮಾಡಿದ ಕೆಲಸ, ಎರಡೂ ಅವುಗಳಲ್ಲಿವೆ. ಬೆಂಗಳೂರೆಂಬ ಹೆಸರು ನಮಗೆ ಮೊದಲು ಸಿಗುವುದು ಬೇಗೂರಿನ ಸುಮಾರು ಕ್ರಿ.ಶ. 890ರ ಶಾಸನದಲ್ಲಿ; ಅದೂ ಒಂದು ಕಾಳಗದಲ್ಲಿ ಸತ್ತವರ ನೆನಪಿನ ಕಲ್ಲು. ಮಂಡ್ಯ ಸೀಮೆಯ ಆತಕೂರಿನಲ್ಲಿ ಸುಮಾರು 950ರ ಕಲ್ಲೊಂದು ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನು ಹೆಸರಿಸುತ್ತದೆ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರೂ ಅದು ಸತ್ತ ಬಗೆಯೂ ನಮಗೆ ಗೊತ್ತಿರುವಾಗ, ನೂರು ವರ್ಷದ ಹಿಂದೆ ನಮ್ಮ ಉಪಕೇಂದ್ರಗಳಲ್ಲಿ ಜಪ ಹೇಳಿಕೊಟ್ಟವರು ಯಾರೆಂಬುದು ಗೊತ್ತಿಲ್ಲದಿರುವುದು ನಾಚಿಕೆಯ ಸಂಗತಿಯೇ.

ಕೆಲವೊಮ್ಮೆ ಬರೆಯುವವರೇ ಇರಲಿಲ್ಲ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿದಾಗ ಅವರ ಸಂಖ್ಯೆ ಎಷ್ಟೆಂಬುದರಲ್ಲೇ ಒಮ್ಮತವಿಲ್ಲ: ಮೂವತ್ತು ಸಾವಿರ ಎಂಬವರಿದ್ದಾರೆ, ಅರವತ್ತು ಸಾವಿರ ಎಂಬವರೂ ಇದ್ದಾರೆ. ಚರ್ಚುಗಳು ನೆಲಸಮವಾಗಿದ್ದವು, ಗುರುಗಳನ್ನು ಹೊರಗಟ್ಟಲಾಗಿತ್ತು. ಘಟ್ಟದ ದಾರಿಯಲ್ಲಿ ಬಿದ್ದವರನ್ನು ಬರೆದುಕೊಳ್ಳಲು ಪುಸ್ತಕವೂ ಇರಲಿಲ್ಲ, ಕೈಯೂ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಪ್ಯಾರಿಸ್ ಮಿಷನ್ನಿನ ಅಬ್ಬೆ ದ್ಯೂಬುವಾ ಅವರು ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ತೊಡಗಿದರು. ನಮ್ಮ ಧರ್ಮಕೇಂದ್ರಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆ ಕೂಡಿಸುವಿಕೆಯಿಂದ ಆರಂಭಿಸುತ್ತಾರೆ. ಅದಕ್ಕೆ ಹಿಂದಿನ ಹದಿನೈದು ವರ್ಷಗಳ ಮೃತರಿಗೆ ಹೆಸರಿನ ಬದಲು ವಿವಾದಿತ ಅಂಕೆಯೊಂದಿದೆ. 1876–78ರ ಕ್ಷಾಮದಲ್ಲಿ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನಲ್ಲಿ, 1918ರ ಜ್ವರದಲ್ಲಿ ಪುಸ್ತಕವಿತ್ತು. ಆದರೆ ಅಂಥ ದಿನಗಳಲ್ಲಿ ಗುರುವಿನ ಕೈಗೆ ಎಷ್ಟು ಸಾವುಗಳ ಸುದ್ದಿ ಬಂದೀತು, ಬಂದದ್ದರಲ್ಲಿ ಎಷ್ಟನ್ನು ಬರೆದಾನು ಎಂಬುದನ್ನು ಕೊರೋನಾ ಕಾಲವನ್ನು ಕಂಡ ನಾವು ಊಹಿಸಬಲ್ಲೆವು.

ಹಾಸನದ ಬಳಿ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರು ಮಳೆಗಾಲದಲ್ಲಿ ಅದರ ಗೋಡೆಗಳ ನಡುವೆ ನಿಲ್ಲುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ. ಊರಿನ ಜನ ಬೇರೆಡೆಗೆ ಹೋದರು. ಇಂಥ ಸಂದರ್ಭಗಳಲ್ಲಿ ಮರಣ ಪುಸ್ತಕವನ್ನು ಇನ್ನೊಂದು ಕಚೇರಿಗೆ ಒಯ್ಯಬಹುದು. ಆ ಸಾಲುಗಳನ್ನು ಓದಿದಾಗ ಇವನು ಇಂಥವನು, ಇವಳು ಇಂಥವಳು ಎಂದು ತುಂಬಿಕೊಡುತ್ತಿದ್ದ ಊರನ್ನು ಒಯ್ಯಲಾಗದು. ನೀರಿನ ಕಾಟವಿಲ್ಲದ ಹಳ್ಳಿಗಳಲ್ಲೂ ಈಗ ಅದೇ ಆಗುತ್ತಿದೆ. ಮಕ್ಕಳು ಬೆಂಗಳೂರಿನಲ್ಲಿ, ಮುದುಕರು ಊರಿನಲ್ಲಿ. ಗುರುವಿಗೋ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಸತ್ತವರನ್ನು ಬಲ್ಲ ನೆರೆಯವನು ತಾನೂ ಮುಂದಿನ ವರ್ಷದ ಸಾಲಿನಲ್ಲಿದ್ದಾನೆ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಒಂದು ಆಕ್ಷೇಪವನ್ನು ಎತ್ತುವುದುಂಟು: ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಮೃತರ ಗುಣಗಾನ ಸಲ್ಲದೆಂದು ವಿಧಿಯೇ ಹೇಳುತ್ತದಲ್ಲವೇ? ಹೌದು, ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 382ನೆಯ ಕಂಡಿಕೆ ಪ್ರಬೋಧನೆ ಇರಲಿ, ಗುಣಗಾನ ಬೇಡ ಎಂಬ ಅರ್ಥದಲ್ಲಿ ವಿಧಿಸುತ್ತದೆ. ಅದಕ್ಕೆ ಚಾರಿತ್ರಿಕ ನ್ಯಾಯವೂ ಇದೆ. ನಜಿಯಾನ್ಜಿನ ಗ್ರೆಗೊರಿಯಿಂದ ಬೊಸುವೆಯವರೆಗೆ ಉಳಿದುಬಂದ ಪ್ರಸಿದ್ಧ ಮರಣಭಾಷಣಗಳಲ್ಲಿ ಹೆಚ್ಚಿನವು ಧರ್ಮಾಧ್ಯಕ್ಷರ, ಚಕ್ರವರ್ತಿಗಳ, ರಾಜಮನೆತನದವರ ಮೇಲಿನವು. ಅಂತ್ಯಕ್ರಿಯೆಗಳಿಗೆ ದರ್ಜೆಗಳಿದ್ದ ಕಾಲವನ್ನು ನಮ್ಮ ಹಿರಿಯ ಗುರುಗಳು ಕಂಡಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯಲ್ಲಿ ವ್ಯಕ್ತಿಭೇದವನ್ನು ತೆಗೆದುಹಾಕಿ, ಅಂತ್ಯಕ್ರಿಯೆ ಪಾಸ್ಖದ ಬೆಳಕಿನಲ್ಲಿ ನಡೆಯಲಿ, ಆಯಾ ಪ್ರದೇಶದ ಸಂಪ್ರದಾಯಗಳಿಗೂ ಹೊಂದಲಿ ಎಂದು ಬಯಸಿತು. ಹಾಗಾಗಿ ಗುಣಗಾನದ ನಿಷೇಧ ಬಡವರ ಪರವಾದ ನಿಯಮ.

ಆದರೆ ಗುಣಗಾನವನ್ನು ನಿಲ್ಲಿಸಿದ ಮಾತ್ರಕ್ಕೆ ಮೌನವನ್ನು ವಿಧಿಸಿದಂತಾಗಲಿಲ್ಲ. ಅಮೆರಿಕದಲ್ಲಿ 1989ರಲ್ಲಿ ಜಾರಿಗೆ ಬಂದ ಇಂಗ್ಲಿಷ್ ಅಂತ್ಯಕ್ರಿಯಾವಿಧಿ, ಅಂತಿಮ ಬೀಳ್ಕೊಡುಗೆಗೆ ಮುನ್ನ ಮನೆಯವರೊಬ್ಬರು ಅಥವಾ ಸ್ನೇಹಿತರೊಬ್ಬರು ನೆನಪಿನ ಮಾತಾಡಲು ಅವಕಾಶವಿತ್ತಿದೆ. ನಮ್ಮದಲ್ಲದ ಒಂದು ಪರಂಪರೆಯಿಂದಲೂ ಕಲಿಯಬಹುದು. ಹದಿನೆಂಟನೆಯ ಶತಮಾನದಿಂದ ಮೊರಾವಿಯನ್ ಸಹೋದರರು ಪ್ರತಿಯೊಬ್ಬ ಸದಸ್ಯನ ಜೀವನವೃತ್ತಾಂತವನ್ನು, ಸಾಧ್ಯವಾದರೆ ಅವರಿಂದಲೇ ಬರೆಯಿಸಿ, ಸಮಾಧಿಯ ದಿನ ಓದುವ ರೂಢಿಯಿಟ್ಟುಕೊಂಡರು. ಬಡಗಿ, ನೇಕಾರ, ಅಡಿಗೆಯವಳು ಎಲ್ಲರ ವೃತ್ತಾಂತಗಳೂ ಸಾವಿರಾರು ಸಂಖ್ಯೆಯಲ್ಲಿ ಅವರ ಹೆರ್ನ್‌ಹುಟ್ ಭಂಡಾರದಲ್ಲಿವೆ. ಅವರ ಸಮಾಧಿಗಳ ಮೇಲೆ ಮಾತ್ರ ಒಂದೇ ಅಳತೆಯ ಚಪ್ಪಟೆ ಕಲ್ಲು. ಕಲ್ಲಿನಲ್ಲಿ ಸಮಾನತೆ, ಕಥನದಲ್ಲಿ ವೈಯಕ್ತಿಕತೆ ಎಂಬ ಈ ಏರ್ಪಾಡು ನಮ್ಮ ಪಾಸ್ಖದ ದೇವಶಾಸ್ತ್ರಕ್ಕೆ ಸ್ವಲ್ಪವೂ ವಿರುದ್ಧವಲ್ಲ.

ಪುಸ್ತಕದ ಸಾಲನ್ನು ಉದ್ದ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಅದು ಸಭೆಯ ಅಧಿಕೃತ ದಾಖಲೆ. ಮನೆಯ ಜಗಳ, ಕಾಯಿಲೆಯ ಗುಟ್ಟು, ಗುರುವಿನ ಮೆಚ್ಚುಗೆ ಅಲ್ಲಿ ಸೇರಕೂಡದು. ಅದರ ಪಕ್ಕದಲ್ಲಿ ಇನ್ನೊಂದು ಸಾಮಾನ್ಯ ನೋಟುಪುಸ್ತಕ ಸಾಕು. ಸಾವಿನ ಮನೆಗೆ ಹೋದಾಗ, ಅಥವಾ ತಿಂಗಳ ಪೂಜೆಗೆ ಮನೆಯವರು ಹೆಸರು ಬರೆಸಲು ಬಂದಾಗ, ಅವರು ಏನು ಕೆಲಸ ಮಾಡುತ್ತಿದ್ದರು, ಚರ್ಚಿಗೂ ಊರಿಗೂ ಅವರ ಕೈಯಿಂದ ಏನಾಯಿತು, ಯಾವ ಜಪ ಅಥವಾ ಹಾಡನ್ನು ಯಾರಿಗೆ ಕಲಿಸಿದರು ಎಂದು ಕೇಳಿ ಹತ್ತು ಸಾಲು ಬರೆದುಕೊಳ್ಳಬಹುದು. ಹೆಣ್ಣುಮಕ್ಕಳ ತವರಿನ ಹೆಸರನ್ನೂ ಕೇಳಬೇಕು. ಬರೆದದ್ದನ್ನು ಮನೆಯವರಿಗೆ ಓದಿ ತೋರಿಸಿ ಒಪ್ಪಿಗೆ ಪಡೆಯುವುದು ಒಳ್ಳೆಯದು. ನವೆಂಬರ್ ತಿಂಗಳಲ್ಲಿ ಉಪಕೇಂದ್ರಗಳಿಗೆ ಹೋದಾಗ ಆ ವರ್ಷದ ಐದಾರು ಹೆಸರುಗಳನ್ನು ಟ್ರಿಕಿಯವರ ಲೆಕ್ಕದಂತೆ ಒಂದೊಂದು ವಾಕ್ಯದೊಂದಿಗೆ ಓದಿದರೆ ಪೂಜೆಯೇನೂ ಲಂಬಿಸುವುದಿಲ್ಲ. ಬೆಂಗಳೂರಿನಿಂದ ಬಂದ ಮೊಮ್ಮಕ್ಕಳಿಗೆ ಅಜ್ಜಿ ಯಾರೆಂಬುದು ಅಲ್ಲಿ ಮೊದಲ ಬಾರಿ ತಿಳಿಯಲೂಬಹುದು.

ಧರ್ಮಕೇಂದ್ರಗಳ ದಾಖಲೆಗಳು ಈಗ ಗಣಕಯಂತ್ರಕ್ಕೆ ಏರುತ್ತಿವೆ. ಹೆಸರು, ತಂದೆ ಅಥವಾ ಗಂಡ, ವಯಸ್ಸು, ಮರಣದ 날ದ ಬದಲು ದಿನಾಂಕ, ಸಮಾಧಿಯ ಸ್ಥಳ ಎಂಬ ಚೌಕಗಳನ್ನು ತುಂಬಿದರೆ ಕೆಲಸ ಮುಗಿಯುತ್ತದೆ. ಹಳೆಯ ಪುಸ್ತಕಕ್ಕೆ ಕನಿಷ್ಠ ಒಂದು ಅಂಚಾದರೂ ಇತ್ತು, ಬರೆಯುವ ಮನಸ್ಸುಳ್ಳ ಗುರು ಅಲ್ಲಿ ಒಂದು ಮಾತು ಸೇರಿಸಬಹುದಾಗಿತ್ತು. ಈ ಚೌಕಗಳನ್ನು ಸಿದ್ಧಪಡಿಸುವ ಧರ್ಮಪ್ರಾಂತ್ಯದ ಕಚೇರಿಗಳಲ್ಲಿ ಮುಂದೆ ಕೆಲಸ ಮಾಡಲಿರುವವರು ಈಗ ನಮ್ಮ ತರಗತಿಗಳಲ್ಲೇ ಕುಳಿತಿದ್ದಾರೆ. ಅಂಚಿನ ಬದಲಿಗೆ ಇನ್ನೊಂದು ಖಾಲಿ ಚೌಕವನ್ನು ಸೇರಿಸುವುದು ಅವರಿಗೆ ಅರ್ಧ ಗಂಟೆಯ ಕೆಲಸ.